ಬೋರ್ಡು ಹೊಸದು, ಲಿಫ್ಟು ಅದೇ

ಬೆಂಗಳೂರಿನ ಉಪನಗರ ರೈಲಿಗೆ ಹೆಸರಿಟ್ಟಾಗಿದೆ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ನಾಲ್ಕು ಮಾರ್ಗ, ಒಟ್ಟು 148 ಕಿಲೋಮೀಟರ್. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯೂ ಆಯಿತು. ರೈಲು ಮಾತ್ರ ಇನ್ನೂ ಬಂದಿಲ್ಲ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರಲ್ಲ, ಇಲ್ಲಿ ಕುಲಾವಿಗೆ ಹೂವನ್ನೂ ಮುಡಿಸಿಯಾಗಿದೆ.

ಹೂವಿನ ಹೆಸರಿನ ಬಗ್ಗೆ ನನ್ನ ತಕರಾರೇನಿಲ್ಲ. ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಪಾರಿಜಾತದಲ್ಲಿ ಹೋಗಿ ಬಂದೆ ಅಂತ ಹೇಳಿಕೊಳ್ಳೋದಕ್ಕೆ ಚೆನ್ನಾಗಿಯೇ ಇರುತ್ತದೆ. ನನ್ನ ಅನುಮಾನ ಇಷ್ಟೇ. ಹೆಸರು ಬದಲಾದರೆ ಸ್ಟೇಷನ್ನಿನ ಮೆಟ್ಟಿಲು ಕಮ್ಮಿ ಆಗುತ್ತಾ?

ಈ ಅನುಮಾನ ಹುಟ್ಟಿಸಿದ್ದು ತಿಪಟೂರು ಕಡೆಯ ನಮ್ಮ ಚಿಕ್ಕಮ್ಮ. ಅವರು ಬೆಂಗಳೂರಿಗೆ ಬಂದರೆ ಜೊತೆಗೆ ಒಂದು ಚೀಲ ತೆಂಗಿನಕಾಯಿಯೂ ಬರುತ್ತದೆ. ಬೇಡ ಅಂದರೆ ಎರಡು ಚೀಲ. ಹಾಗೆ ಒಮ್ಮೆ ಬಂದಾಗ ನಾವಿಬ್ಬರೂ ಒಂದು ಸ್ಟೇಷನ್ನಿನಲ್ಲಿ ಇಳಿದೆವು. ಯಾವುದು ಅಂತ ಹೇಳಲ್ಲ. ಹೇಳಿದರೂ ನೀವು ಇದನ್ನು ಓದುವಷ್ಟರಲ್ಲಿ ಹೆಸರು ಬದಲಾಗಿರಬಹುದು.

ಬಾಗಿಲ ಮೇಲೆ ಹೊಚ್ಚ ಹೊಸ ಬೋರ್ಡು, ಹಗಲಲ್ಲೂ ಲೈಟು. ಲಿಫ್ಟಿನ ಬಾಗಿಲಿಗೆ ಒಂದು ಹಾಳೆ: ‘ದುರಸ್ತಿಯಲ್ಲಿದೆ, ಸಹಕರಿಸಿ’. ಅಂಟಿಸಿದ್ದ ಟೇಪು ಹಳದಿಯಾಗಿ, ಅಂಚಿಗೆ ಧೂಳು ಕಟ್ಟಿತ್ತು. ಎಸ್ಕಲೇಟರಿಗೆ ಅಡ್ಡವಾಗಿ ಒಂದು ಪ್ಲಾಸ್ಟಿಕ್ ಕುರ್ಚಿ.

ಚಿಕ್ಕಮ್ಮ ಬೋರ್ಡು ನೋಡಿದರು, ಲಿಫ್ಟು ನೋಡಿದರು. “ಹೆಸರಿಗೆ ಮುಹೂರ್ತ ಸಿಕ್ತು. ಈ ಲಿಫ್ಟಿಗೆ ಯಾವಾಗ್ಲೋ?”

ಚೀಲ ನಾನೇ ಹೊತ್ತೆ. ಅರ್ಧ ಮೆಟ್ಟಿಲಿಗೆ ಅದರ ಹೊಲಿಗೆ ಬಿಟ್ಟಿತು. ಒಂದು ಕಾಯಿ ಟಕ್ ಟಕ್ ಅಂತ ಇಳಿಯಿತು. ಅದನ್ನು ನೋಡಿ ಉಳಿದವಕ್ಕೂ ಧೈರ್ಯ ಬಂತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದ ಹುಡುಗನೊಬ್ಬ ಒಂದನ್ನು ಕಾಲಲ್ಲೇ ತಡೆದ. ಆಫೀಸಿಗೆ ಹೊರಟಿದ್ದ ಹೆಣ್ಣುಮಗಳೊಬ್ಬಳು ಇನ್ನೊಂದನ್ನು ಎತ್ತಿಕೊಂಡು, ಅಲ್ಲಾಡಿಸಿ, “ಆಂಟಿ, ನೀರು ಚೆನ್ನಾಗಿದೆ” ಅಂತ ವಾಪಸ್ ಕೊಟ್ಟಳು. ಕೊನೆಯದು ಯಾರ ಕೈಗೂ ಸಿಗದೆ, ಹೊಸ ಬೋರ್ಡಿನ ನೇರ ಕೆಳಗೆ ಹೋಗಿ ಫಟ್ ಅಂತ ಎರಡು ಹೋಳಾಯಿತು.

ಸೆಕ್ಯೂರಿಟಿಯವರು ಓಡಿ ಬಂದರು. “ಅಮ್ಮಾ, ಇಲ್ಲೆಲ್ಲ ಕಾಯಿ ಒಡೆಯಂಗಿಲ್ಲ!”

“ನಾನೆಲ್ಲಪ್ಪ ಒಡೆದೆ? ಅದೇ ಒಡ್ಕೊಂಡಿದ್ದು” ಅಂದರು ಚಿಕ್ಕಮ್ಮ. ಆಮೇಲೆ ಹೋಳಿನ ಒಳಗೆ ನೋಡಿ, “ಹೂವು ಬಂದೈತೆ, ಒಳ್ಳೆ ಶಕುನ” ಅಂತ ಸೇರಿಸಿದರು. ಸೆಕ್ಯೂರಿಟಿಯವರ ಸಿಟ್ಟು ಅಲ್ಲಿಗೆ ಇಳಿಯಿತು.

ಹೆಸರು ಬದಲಿಸಿದರೆ ಜನ ಬಳಸುತ್ತಾರೆ ಅಂತಲೂ ಇಲ್ಲ. ಮೆಜೆಸ್ಟಿಕ್ ಅನ್ನುವ ಹೆಸರು ಕೊಟ್ಟ ಥಿಯೇಟರು ಈಗಿಲ್ಲ, ಹೆಸರು ಗಟ್ಟಿಯಾಗಿದೆ. ಅಲ್ಲಿನ ಮೆಟ್ರೊ ನಿಲ್ದಾಣಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರಿದ್ದರೂ ಬಾಲಕ್ಕೆ ಮೆಜೆಸ್ಟಿಕ್ ಅಂತ ಸೇರಿಸಿಯೇ ಕರೆಯಬೇಕಾಗಿದೆ. ಪಕ್ಕದ ಸಿಟಿ ರೈಲ್ವೆ ಸ್ಟೇಷನ್ 2016ರಲ್ಲಿ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣವಾಯಿತು. ರೈಲ್ವೆಯ ಕೋಡ್ ಮಾತ್ರ ಇವತ್ತಿಗೂ ಎಸ್‌ಬಿಸಿ. ಹೆಸರಿರುವ ಆ ದೊಡ್ಡವರಿಗೂ ಫಲಕಕ್ಕಿಂತ ನೆಟ್ಟಗಿರೋ ಟಾಯ್ಲೆಟ್ಟೇ ಹೆಚ್ಚಿನ ಗೌರವ ಅಲ್ವಾ?

ಹಾಗಂತ ಹೆಸರು ಬದಲಿಸೋದೆಲ್ಲ ಸುಮ್ನೆ ಅಂತಲೂ ಹೇಳೋಕಾಗಲ್ಲ. ಲಂಡನ್‌ನಲ್ಲಿ ಸಿಲ್ವರ್‌ಲಿಂಕ್ ಅನ್ನುವ ಖಾಸಗಿ ಕಂಪನಿ ಓಡಿಸುತ್ತಿದ್ದ ಕೆಲವು ಸಿಟಿ ಮಾರ್ಗಗಳನ್ನು 2007ರ ನವೆಂಬರ್‌ನಲ್ಲಿ ನಗರದ ಸಾರಿಗೆ ಸಂಸ್ಥೆ ವಹಿಸಿಕೊಂಡಿತು. ಲಂಡನ್ ಓವರ್‌ಗ್ರೌಂಡ್ ಅಂತ ಹೆಸರಿಟ್ಟು, ಕಿತ್ತಳೆ ಬಣ್ಣ ಹಚ್ಚಿದರು. ಹಳಿ ಹಳೆಯವೇ. ಆದರೆ ಬಣ್ಣದ ಹಿಂದೆಯೇ ಪೊರಕೆಯೂ ಬಂತು. ರೈಲು ಓಡುವಷ್ಟು ಹೊತ್ತು ಸ್ಟೇಷನ್ನಿನಲ್ಲಿ ಸಿಬ್ಬಂದಿ ಇರಬೇಕು ಅಂತಾಯಿತು. ಮೆಟ್ರೊಗೆ ಬಳಸುವ ಆಯ್‌ಸ್ಟರ್ ಕಾರ್ಡೇ ಇಲ್ಲೂ ನಡೆಯತೊಡಗಿತು. 2009ರಿಂದ ಹೊಸ ರೈಲುಗಳು ಬಂದವು. ಜನವೂ ಜಾಸ್ತಿಯಾದರು. ಕಿತ್ತಳೆ ಬಣ್ಣ ನೋಡಿ ಬಂದವರಲ್ಲ ಅವರು.

2024ರಲ್ಲಿ ಅದೇ ಜಾಲದ ಆರು ಮಾರ್ಗಗಳಿಗೆ ಮತ್ತೆ ಹೊಸ ಹೆಸರು: ಲಯನೆಸ್, ವಿಂಡ್‌ರಶ್, ಸಫ್ರಜೆಟ್, ವೀವರ್, ಮಿಲ್ಡ್‌ಮೇ, ಲಿಬರ್ಟಿ. ಖರ್ಚು 63 ಲಕ್ಷ ಪೌಂಡ್. ಉಪಯೋಗ ಇಲ್ಲದೇ ಇಲ್ಲ. ಮೊದಲು ಆರೂ ಮಾರ್ಗ ನಕ್ಷೆಯಲ್ಲಿ ಒಂದೇ ಕಿತ್ತಳೆ. ಎಲ್ಲೋ ಒಂದು ಕಡೆ ರೈಲು ತಡವಾದರೂ ಎಲ್ಲರಿಗೂ ಗಾಬರಿ. ಈಗ ಯಾವ ಮಾರ್ಗ ಅಂತ ಗೊತ್ತಾಗುತ್ತದೆ. ಆದರೆ ಲಿಫ್ಟ್ ಇಲ್ಲದ ಸ್ಟೇಷನ್ನಿಗೆ ಹೆಸರಿನ ಜೊತೆ ಲಿಫ್ಟೇನೂ ಬರಲಿಲ್ಲ. ಅಲ್ಲೂ ಯಾರದ್ದಾದರೂ ಚಿಕ್ಕಮ್ಮ ಇದ್ದೇ ಇರುತ್ತಾರೆ.

ನಮ್ಮ ಬೆಂಗಳೂರು ಮೆಟ್ರೊದ ಹಳದಿ ಮಾರ್ಗವನ್ನೇ ನೋಡಿ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಶುರುವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಆಗ ಪ್ಲಾಟ್‌ಫಾರಂನಲ್ಲಿ ನಿಂತವರು ಬಯಸಿದ್ದು ನಾಲ್ಕನೇ ರೈಲು. ಅಕ್ಟೋಬರ್‌ನಲ್ಲಿ, ನಮ್ಮ ಮೆಟ್ರೊಗೆ ಬಸವ ಮೆಟ್ರೊ ಅಂತ ಹೆಸರಿಡಲು ಕೇಂದ್ರಕ್ಕೆ ಶಿಫಾರಸು ಮಾಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು. ಒಳ್ಳೆಯ ಹೆಸರು. ಬಸವಣ್ಣನ ಹೆಸರಿಟ್ಟ ಮೇಲೆ ಮೇಲು ಕೀಳು ಅನ್ನೋದು ಇರಬಾರದು, ಕನಿಷ್ಠ ಎಸ್ಕಲೇಟರಿನಲ್ಲಾದರೂ. ನಮ್ಮ ಕಡೆ ಮೇಲೆ ಹೋಗೋದಷ್ಟೇ ಓಡುತ್ತಿರುತ್ತದೆ, ಕೆಳಗಿಳಿಯೋದು ನಿಂತಿರುತ್ತದೆ.

ಚಿಕ್ಕಮ್ಮ ಈಗ ಕಾಯಿ ಬಿಟ್ಟು ಕೊಬ್ಬರಿ ತರುತ್ತಿದ್ದಾರೆ. ಹಗುರ, ಉರುಳಿದರೂ ಒಡೆಯಲ್ಲವಂತೆ.