ಬೆನ್ನು ನೋವಿಗೆ ಮೊದಲು ಬೇಕಿರುವುದು ಸ್ಕ್ಯಾನ್ ಅಲ್ಲ

ಬೆನ್ನು ನೋವು ಅಂತ ಬಾಯಿ ಬಿಟ್ಟರೆ ಸಾಕು, ಸುತ್ತಲಿನವರು ಕೇಳುವ ಮೊದಲ ಪ್ರಶ್ನೆ: "ಎಂಆರ್‌ಐ ಮಾಡಿಸಿದ್ರಾ?" ಆಮೇಲೆ: "ಡಿಸ್ಕ್ ಜಾರಿದೆಯಾ?" ಅಷ್ಟರಲ್ಲಿ ಇನ್ನೊಬ್ಬರು "ಬಗ್ಗಬೇಡಿ, ಭಾರ ಎತ್ತಬೇಡಿ, ರೆಸ್ಟ್ ಮಾಡಿ" ಅಂತ ತೀರ್ಪು ಕೊಟ್ಟಿರುತ್ತಾರೆ. ಯಾರಿಗೂ ಕೆಟ್ಟ ಉದ್ದೇಶ ಇಲ್ಲ. ಆದರೂ ಈ ನೋವು ವರ್ಷಗಟ್ಟಲೆ ಬಿಡದೆ ಕಾಡುವುದಕ್ಕೆ ಇಂಥ ಮಾತುಗಳೂ ಒಂದು ಕಾರಣ ಅಂತ ನನಗನ್ನಿಸುತ್ತದೆ. ಹಳೇ ಬೆನ್ನು ನೋವಿನ ಆಸಾಮಿಯಾಗಿ ಹೇಳುತ್ತಿದ್ದೇನೆ.

ಸ್ಕ್ಯಾನ್ ವಿಷಯವನ್ನೇ ನೋಡಿ. 1994ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬೆನ್ನು ನೋವೇ ಇಲ್ಲದ 98 ಜನರ ಎಂಆರ್‌ಐ ಮಾಡಿದ್ದರು. ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಒಂದಾದರೂ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಉಬ್ಬಿತ್ತು! 2015ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟುಹಾಕಿ ಲೆಕ್ಕ ಮಾಡಿದರು. ನೋವಿಲ್ಲದ 20 ವರ್ಷದವರಲ್ಲೇ ಶೇ. 37ರಷ್ಟು ಮಂದಿಗೆ ಡಿಸ್ಕ್ ಸವೆತ ಕಂಡಿತ್ತು. 80 ವರ್ಷದವರಲ್ಲಿ ಶೇ. 96. ಅಂದರೆ ರಿಪೋರ್ಟಿನಲ್ಲಿ "ಎಲ್4-ಎಲ್5 ಡಿಸ್ಕ್ ಬಲ್ಜ್" (ಸೊಂಟದ ನಾಲ್ಕನೇ, ಐದನೇ ಮೂಳೆಗಳ ನಡುವಿನ ಡಿಸ್ಕ್ ಉಬ್ಬಿದೆ) ಅಂತ ಇದ್ದರೆ, ಅದೇ ನಿಮ್ಮ ನೋವಿನ ಮೂಲ ಅಂತ ಹೇಳಲು ಬರುವುದಿಲ್ಲ. ಆದರೆ ಆ ಸಾಲು ಓದಿದ ಮನುಷ್ಯ ಅವತ್ತಿನಿಂದ ಬಗ್ಗುವುದಕ್ಕೂ ಹೆದರುತ್ತಾನೆ. ಇನ್ನೊಂದು ಮಾತು. ನಿಜವಾಗಿಯೂ ಡಿಸ್ಕ್ ಹೊರಚಾಚಿ ನರಕ್ಕೆ ಒತ್ತಿ ಕಾಲು ಸೆಳೆತ ಬಂದಿದ್ದರೂ, ಎಷ್ಟೋ ಸಲ ಆ ಭಾಗವನ್ನು ದೇಹವೇ ಕೆಲವು ತಿಂಗಳಲ್ಲಿ ಕರಗಿಸಿಕೊಳ್ಳುತ್ತದೆ.

ಹಾಗಾದರೆ ಸ್ಕ್ಯಾನ್ ಬೇಡವೇ ಬೇಡವಾ? ಬೇಕಾಗುವ ಸಂದರ್ಭಗಳಿವೆ. ತೊಡೆಯ ಸಂದಿನಲ್ಲಿ ಮರಗಟ್ಟಿದರೆ, ಮೂತ್ರ-ಮಲದ ಹಿಡಿತ ತಪ್ಪಿದರೆ, ಕಾಲಿನ ಬಲ ಕುಸಿಯುತ್ತಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಬಂದಿದ್ದದ್ದು, ಬಲವಾಗಿ ಬಿದ್ದದ್ದು, ಇವನ್ನೂ ಡಾಕ್ಟರಿಗೆ ತಡಮಾಡದೆ ಹೇಳಿ. ಚಿಕ್ಕ ವಯಸ್ಸಿನವರಿಗೆ ಬೆಳಿಗ್ಗೆ ಅರ್ಧ ಗಂಟೆಗೂ ಜಾಸ್ತಿ ಬೆನ್ನು ಬಿಗಿದಿದ್ದು, ಓಡಾಡಿದ ಮೇಲೆ ಸಡಿಲಾಗುತ್ತಿದ್ದರೆ ಅದು ಉರಿಯೂತದ ವಾತ ಇರಬಹುದು. ಅದರ ಚಿಕಿತ್ಸೆಯೇ ಬೇರೆ.

ಆದರೆ ಹತ್ತರಲ್ಲಿ ಒಂಬತ್ತು ಜನರ ಸೊಂಟ ನೋವಿಗೆ ಹೀಗೆ ಬೆರಳಿಟ್ಟು ತೋರಿಸುವಂಥ ಕಾರಣ ಸಿಗುವುದಿಲ್ಲ. ಮೂರು ತಿಂಗಳು ದಾಟಿದ ನೋವನ್ನು ದೀರ್ಘಕಾಲದ ನೋವು ಅನ್ನುತ್ತಾರೆ. ಅಷ್ಟು ಹೊತ್ತಿಗೆ ಸಾಮಾನ್ಯವಾಗಿ ಸ್ನಾಯುವಿನ ಪೆಟ್ಟು ಮಾಗಿರುತ್ತದೆ, ನರಮಂಡಲ ಮಾತ್ರ ಇನ್ನೂ ಎಚ್ಚರದಲ್ಲೇ ಇರುತ್ತದೆ. ಕಳ್ಳ ಹೋಗಿ ಎಷ್ಟೋ ದಿನವಾದರೂ ಎಲೆ ಅಲುಗಾಡಿದ್ದಕ್ಕೆಲ್ಲ ಬೊಗಳುವ ನಾಯಿಯ ಹಾಗೆ. ನಿದ್ದೆಗೆಟ್ಟರೆ, ಕೆಲಸದ ಒತ್ತಡ ಏರಿದರೆ, ಮನಸ್ಸು ಕುಗ್ಗಿದರೆ ನೋವು ಇನ್ನೂ ಜಾಸ್ತಿ. ಇದನ್ನು ಹೇಳಿದ ಕೂಡಲೇ ಕೆಲವರು "ಎಲ್ಲ ನಿಮ್ಮ ತಲೆಯಲ್ಲೇ ಇರೋದು" ಅಂತ ಕೈ ತೊಳೆದುಕೊಳ್ಳುತ್ತಾರೆ. ನನಗೆ ಮೈ ಉರಿಯುತ್ತದೆ. ಸ್ಕ್ಯಾನಿನಲ್ಲಿ ಕಾಣದಿದ್ದರೂ ನೋವು ನೋವೇ.

2020ರಲ್ಲಿ ಪ್ರಪಂಚದಲ್ಲಿ ಸುಮಾರು 61.9 ಕೋಟಿ ಜನರಿಗೆ ಸೊಂಟ ನೋವಿತ್ತು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟ ನೋವಿಗಾಗಿಯೇ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಬೇಕು ಅಂದದ್ದು: ನೋವಿನ ಬಗ್ಗೆ ಸರಿಯಾದ ತಿಳಿವಳಿಕೆ, ವ್ಯಾಯಾಮ, ಕೆಲವು ಬಗೆಯ ಫಿಸಿಯೋಥೆರಪಿ, ಸಿಬಿಟಿಯಂಥ (ಯೋಚನೆ, ನಡವಳಿಕೆಯ ರೂಢಿ ಬದಲಿಸಲು ಕಲಿಸುವ) ಮಾತಿನ ಚಿಕಿತ್ಸೆ, ಐಬುಪ್ರೊಫೆನ್ ಜಾತಿಯ ಮಾತ್ರೆ. ಮಾಮೂಲಿಯಾಗಿ ಬೇಡ ಅಂದದ್ದು: ಸೊಂಟದ ಬೆಲ್ಟ್, ಟ್ರಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವ ಚಿಕಿತ್ಸೆ), ಓಪಿಯಾಯ್ಡ್ ಅನ್ನುವ ಅಫೀಮಿನ ಜಾತಿಯ ಪ್ರಬಲ ನೋವಿನ ಮಾತ್ರೆಗಳು. ಈ ಬೇಡದ ಪಟ್ಟಿಯಲ್ಲಿರುವ ಬೆಲ್ಟೇ ಎಲ್ಲರ ಅಲಮಾರಿಯಲ್ಲಿ ಇರುತ್ತದೆ, ಅಲ್ವಾ? ಬೆಲ್ಟು ಕೈಗೆ ಸಿಗುವ ವಸ್ತು. ತಿಳಿವಳಿಕೆ ಕೊಡಬೇಕಾದರೆ ಡಾಕ್ಟರು ಅರ್ಧ ಗಂಟೆ ಕೂತು ಮಾತಾಡಬೇಕು.

ಯಾವ ವ್ಯಾಯಾಮ ಅಂತ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಯೋಗ, ಪಿಲಾಟೆಸ್, ಈಜು, ನಡಿಗೆ, ಯಾವುದನ್ನು ನೀವು ಬಿಡದೆ ಮಾಡುತ್ತೀರೋ ಅದೇ ಒಳ್ಳೆಯದು. ಎಷ್ಟು ಅನ್ನುವುದೇ ಕಷ್ಟದ ಪ್ರಶ್ನೆ. ನೋವು ಕಡಿಮೆ ಇದ್ದ ದಿನ ಬಾಕಿ ಕೆಲಸವನ್ನೆಲ್ಲ ಒಂದೇ ಉಸಿರಿಗೆ ಮುಗಿಸುವುದು, ಮಾರನೇ ದಿನದಿಂದ ಹಾಸಿಗೆ ಹಿಡಿಯುವುದು. ಈ ಚಕ್ರ ನನಗೆ ಚೆನ್ನಾಗಿ ಗೊತ್ತು. ಇದರಿಂದ ಹೊರಬರುವ ದಾರಿ ಬೋರು ಹೊಡೆಸುವಂಥದ್ದು. ಕೆಟ್ಟ ದಿನವೂ ಮಾಡಬಹುದಾದಷ್ಟನ್ನು ಅಳತೆಯಾಗಿ ಇಟ್ಟುಕೊಳ್ಳಬೇಕು. ಒಳ್ಳೆಯ ದಿನವೂ ಅಷ್ಟೇ ಮಾಡಬೇಕು. ವಾರಕ್ಕೊಮ್ಮೆ ಸ್ವಲ್ಪ ಏರಿಸಬೇಕು. ಒಳ್ಳೆಯ ದಿನ ಸುಮ್ನೆ ನಿಲ್ಲಿಸುವುದಿದೆಯಲ್ಲ, ಅದಕ್ಕೇ ಜಾಸ್ತಿ ಶಿಸ್ತು ಬೇಕು.

2024ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಒಂದು ಪ್ರಯೋಗ ನನಗೆ ಇಷ್ಟವಾಯಿತು. ಸೊಂಟ ನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರಲ್ಲಿ ಅರ್ಧದಷ್ಟು ಮಂದಿಯನ್ನು ವಾರಕ್ಕೆ ಐದು ಸಲ, ಅರ್ಧ ಗಂಟೆ ನಡೆಯುವ ಗುರಿಯತ್ತ ಮೆಲ್ಲಗೆ ತಂದರು. ಜೊತೆಗೆ ಫಿಸಿಯೋಥೆರಪಿಸ್ಟರ ಮಾತು, ಧೈರ್ಯ. ನಡಿಗೆಯ ಗುಂಪಿನ ಅರ್ಧದಷ್ಟು ಮಂದಿಗೆ ನೋವು ಮತ್ತೆ ಬರುವ ಹೊತ್ತಿಗೆ 208 ದಿನ ಕಳೆದಿತ್ತು. ಇನ್ನೊಂದು ಗುಂಪಿನಲ್ಲಿ 112. ನಡೆದವರಿಗೂ ನೋವು ಮರುಕಳಿಸಿತು ಅನ್ನುವುದನ್ನು ಗಮನಿಸಿ. ಹಾಗೆ ಕೆರಳಿದಾಗ ಹೊಸದಾಗಿ ಏನೋ ಮುರಿಯಿತು ಅಂದುಕೊಳ್ಳಬೇಡಿ. ಮೇಲೆ ಹೇಳಿದ ಅಪಾಯದ ಲಕ್ಷಣ ಇಲ್ಲದಿದ್ದರೆ ಎರಡು ದಿನ ನಡಿಗೆಯನ್ನು ಅರ್ಧಕ್ಕಿಳಿಸಿ, ಪೂರ್ತಿ ಬಿಡಬೇಡಿ. ಬಿಸಿ ನೀರಿನ ಶಾಖ ಹಿತ ಅನ್ನಿಸಿದರೆ ಕೊಡಿ. ಆಮೇಲೆ ನಿಧಾನಕ್ಕೆ ಮೊದಲಿನ ಅಳತೆಗೆ ಬನ್ನಿ.