ಟವರ್ ಹಾಕಿಸಲು ನೀವು ದುಡ್ಡು ಕಟ್ಟಬೇಕಾ?

ಗದಗ, ರೋಣ, ನರಗುಂದದ ಕಡೆ ಮೊಬೈಲಿನಿಂದ ಮೊಬೈಲಿಗೆ ಹಾರುವ ಸಂದೇಶ ಇದು: ನಿಮ್ಮ ಹೊಲದಲ್ಲಿ ಸರ್ಕಾರ ಟವರ್ ಹಾಕುತ್ತದೆ, ದೊಡ್ಡ ಅಡ್ವಾನ್ಸ್ ಜೊತೆಗೆ ತಿಂಗಳ ಬಾಡಿಗೆ, ಮೊದಲು ನೋಂದಣಿ ಶುಲ್ಕ ಕಟ್ಟಿ. ಮಳೆ ಕೈಕೊಟ್ಟ ವರ್ಷ ಇದನ್ನು ಓದಿದರೆ ಯಾರಿಗಾದರೂ ಆಸೆ ಆಗುತ್ತದೆ, ಅಲ್ವಾ? ನಾಲ್ಕು ಜನರಿಗೆ ಉಪಯೋಗವಾಗಲಿ ಅಂತಲೇ ಬಹಳ ಮಂದಿ ಕಳಿಸುತ್ತಾರೆ.

ಆದರೆ ಇಲ್ಲಿ ದುಡ್ಡು ಹರಿಯುವ ದಿಕ್ಕೇ ಉಲ್ಟಾ. ಟವರ್ ಕಟ್ಟುವ ಖರ್ಚು ಕಂಪನಿಯದು. ಜಾಗದ ಬಾಡಿಗೆಯನ್ನೂ ಕಂಪನಿಯೇ ಕೊಡುತ್ತದೆ, ಕರಾರು ಬರೆದುಕೊಂಡು. ಟವರ್ ಹಾಕಿಸಲೆಂದು ಜಾಗದವರಿಂದ ಸರ್ಕಾರ ಯಾವ ತೆರಿಗೆ, ಶುಲ್ಕವನ್ನೂ ಕೇಳುವುದಿಲ್ಲ. ಕಂಪನಿಗೆ ಆ ಹಣ ಎಲ್ಲಿಂದ? ಬಹುಪಾಲು ನಮ್ಮ ರೀಚಾರ್ಜಿನಿಂದಲೇ.

ಲಾಭ ಬಾರದ ಹಳ್ಳಿಗಳ ಕಥೆ ಸ್ವಲ್ಪ ಬೇರೆ. ಅದಕ್ಕೆ 2002ರಲ್ಲೇ ಒಂದು ನಿಧಿ ಶುರುವಾಯಿತು. ಕಂಪನಿಗಳು ಪರವಾನಗಿ ಶುಲ್ಕದ ಭಾಗವಾಗಿ ತಮ್ಮ ಆದಾಯದ ಶೇ 5ರಷ್ಟನ್ನು ಇದಕ್ಕೆಂದು ಕಟ್ಟುತ್ತವೆ. 2023ರ ದೂರಸಂಪರ್ಕ ಕಾಯ್ದೆ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಎಂದು ಹೆಸರಿಟ್ಟಿತು. ಆ ನೆರವೂ ಹೋಗುವುದು ನೆಟ್‌ವರ್ಕ್ ಕಟ್ಟುವವರಿಗೆ, ಹೊಲದ ಮಾಲೀಕರ ಖಾತೆಗಲ್ಲ.

ಅನುಮಾನ ಬಂದರೆ ಸಂದೇಶದಲ್ಲಿರುವ ನಂಬರಿಗೆ ಸುಮ್ನೆ ಫೋನ್ ಮಾಡಬೇಡಿ. ಟವರ್ ಕಟ್ಟಲು ನೋಂದಾಯಿಸಿಕೊಂಡ ಕಂಪನಿಗಳ ಪಟ್ಟಿ ದೂರಸಂಪರ್ಕ ಇಲಾಖೆಯ ವೆಬ್‌ಸೈಟಿನಲ್ಲಿದೆ. ಅಲ್ಲಿ ಹೆಸರು ಹುಡುಕಿ. ಹೆಸರು ಸಿಕ್ಕಿತು ಅಂದಮಾತ್ರಕ್ಕೂ ನಂಬಬೇಡಿ, ಮೋಸಗಾರರು ಅಸಲಿ ಹೆಸರನ್ನೇ ಬಳಸುತ್ತಾರೆ. ಆ ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿರುವ ನಂಬರಿಗೇ ಕೇಳಿ. ದುಡ್ಡು ಆಗಲೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.