ಭಾನುವಾರದ ಇಡ್ಲಿ

ನಮ್ಮ ಅವ್ವನ ಬಾಯಲ್ಲಿ ‘ತಂಗಳು’ ಅನ್ನುವುದು ಬೈಗುಳ. ಮಧ್ಯಾಹ್ನದ ಅನ್ನ ರಾತ್ರಿಗೆ ತಂಗಳು, ರಾತ್ರಿಯ ಪಲ್ಯ ಬೆಳಗ್ಗೆಗೆ ತಂಗಳು. ಹಾಗಾದರೆ ನನ್ನ ಫ್ರೀಜರಿನಲ್ಲಿ ಹನ್ನೆರಡು ದಿನದಿಂದ ಮಲಗಿರುವ ಇಡ್ಲಿಗೆ ಏನನ್ನಬೇಕು?

ಅವ್ವ ಇರುವುದು ಧಾರವಾಡದಲ್ಲಿ, ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಇಲ್ಲಿಂದ ಮುಂಬೈನ ಕೊನೆಯ ಸ್ಟೇಷನ್ ಸಿಎಸ್‌ಎಂಟಿಗೆ ಫಾಸ್ಟ್ ಲೋಕಲ್ ರೈಲಿನಲ್ಲೂ ಒಂದು ಗಂಟೆಯ ಮೇಲೆ. ಬೆಳಗ್ಗೆ ಎದ್ದರೆ ನೀರು ತುಂಬಬೇಕು, ಡಬ್ಬಿ ಕಟ್ಟಬೇಕು, ಮಗಳನ್ನು ಮೂರು ಸಲ ಎಬ್ಬಿಸಬೇಕು. ಎಷ್ಟೋ ವರ್ಷ ಸ್ಟೇಷನ್ ಹೊರಗಿನ ವಡಾಪಾವೇ ನನ್ನನ್ನು ಸಾಕಿತು. ಅದರ ಮೇಲೆ ಕೋಪವೇನಿಲ್ಲ. ಆದರೆ ವಾರಕ್ಕೆ ಐದು ದಿನ ಅಂದರೆ ಹೊಟ್ಟೆಯೇ ಕೈ ಮುಗಿಯುತ್ತದೆ.

ಹಾಗಾಗಿ ಭಾನುವಾರ ನಮ್ಮ ಅಡುಗೆಮನೆ ಉಡುಪಿ ಹೋಟೆಲು. ಒಂದು ಲೋಟ ಉದ್ದಿಗೆ ಎರಡು ಲೋಟ ಇಡ್ಲಿ ರವೆ, ಅದೂ ಮುಂಬೈನಲ್ಲಿ ನಮ್ಮ ದಕ್ಷಿಣದವರ ಅಂಗಡಿಗಳಿರುವ ಮಾಟುಂಗಾದಿಂದ ತಂದದ್ದು. ಮೇ ತಿಂಗಳ ಸೆಕೆಯಲ್ಲಿ ಹಿಟ್ಟು ನಮಗಿಂತ ಮೊದಲೇ ಎದ್ದು ಪಾತ್ರೆಯಿಂದ ಇಣುಕುತ್ತಿರುತ್ತದೆ. ಬೇಯಿಸಿದ ಇಡ್ಲಿಯನ್ನು ಪೂರ್ತಿ ಆರಿಸಬೇಕು. ಆಮೇಲೆ ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿ ಜೋಡಿಸಿ ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಬೇಕು. ಮೊದಲ ಸಲ ಇದು ಗೊತ್ತಿರಲಿಲ್ಲ. ಇಪ್ಪತ್ತು ಇಡ್ಲಿ ಸೇರಿ ಒಂದೇ ಕಲ್ಲಾಗಿತ್ತು. ಪಾಯಕ್ಕೆ ಹಾಕಬಹುದಿತ್ತು.

ವಿಚಿತ್ರ ನೋಡಿ. ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟ ಇಡ್ಲಿ ಮರುದಿನವೇ ಬಿರುಸು. ಮೇಲೆ, ಮೈನಸ್ 18 ಡಿಗ್ರಿಯಲ್ಲಿದ್ದದ್ದು ಹತ್ತು ನಿಮಿಷ ಹಬೆ ಕಂಡರೆ ಮೆತ್ತಗೆ. ಬೆಂದ ಅಕ್ಕಿಯ ಪಿಷ್ಟ ಸುಮ್ನೆ ತಣ್ಣಗಿದ್ದರೆ ಬೇಗ ಗಟ್ಟಿಯಾಗುತ್ತದಂತೆ. ನೀರೇ ಹೆಪ್ಪುಗಟ್ಟಿದರೆ ಆ ಕೆಲಸ ಬಹುಮಟ್ಟಿಗೆ ನಿಂತುಹೋಗುತ್ತದೆ. ಆಲೂಗಡ್ಡೆಗೆ ಮಾತ್ರ ಈ ಚಳಿ ಆಗಿಬರುವುದಿಲ್ಲ, ಹೊರಬಂದಾಗ ಸ್ಪಂಜು. ಕಾಯಿ ಚಟ್ನಿ ಕರಗಿದರೆ ನೀರು ಬೇರೆ, ಕಾಯಿ ಬೇರೆ. ಮೆಂತ್ಯದ ಪರೋಟ ಅರ್ಧ ಬೇಯಿಸಿಟ್ಟರೆ ಜಾಣ ಹುಡುಗನ ಹಾಗೆ ಇರುತ್ತದೆ.

ಡಬ್ಬಿಯ ಮೇಲೆ ಹೆಸರು ಬರೆದಿಡು ಅಂತ ಗಂಡ ಹೇಳುತ್ತಲೇ ಇದ್ದರು. ನನಗೆ ನನ್ನ ನೆನಪಿನ ಮೇಲೆ ಜಾಸ್ತಿ ನಂಬಿಕೆ. ಒಂದು ಸೋಮವಾರ ಸಾಂಬಾರೆಂದು ಕಾಯಿಸಿ ಬಡಿಸಿದ್ದು ಬರೀ ಹುಣಸೆ ರಸ. ಅವರು ಏನೂ ಅನ್ನಲಿಲ್ಲ. ಸಂಜೆ ಬರುವಾಗ ಒಂದು ಮಾರ್ಕರ್ ಪೆನ್ನು ತಂದರು.

ಅವ್ವನ ವಿಷಯಕ್ಕೆ ಬರುತ್ತೇನೆ. ತಂಗಳನ್ನು ಇಷ್ಟು ಬೈಯುವ ಅವ್ವನೇ ಊರಿನಿಂದ ಬಸ್ಸಿನಲ್ಲಿ ಖಡಕ್ ರೊಟ್ಟಿಯ ಕಟ್ಟು ಕಳಿಸುತ್ತಾಳೆ. ಜೊತೆಗೆ ಶೇಂಗಾ ಚಟ್ನಿಪುಡಿ. ತಿಂಗಳುಗಟ್ಟಲೆ ಇರುತ್ತದೆ. ಇದೂ ತಂಗಳೇ ಅಲ್ವಾ ಅಂತ ಒಮ್ಮೆ ಕೇಳಿದೆ. “ಹುಚ್ಚಿ, ಅದು ರೊಟ್ಟಿ!” ಅಂದಳು. ವಾದ ಮುಗಿಯಿತು. ನನಗೇನೋ ಇಬ್ಬರ ಕಸುಬೂ ಒಂದೇ ಅನ್ನಿಸುತ್ತದೆ. ಅವಳು ನೀರನ್ನು ಒಣಗಿಸಿ ಓಡಿಸುತ್ತಾಳೆ, ನಾನು ಇದ್ದಲ್ಲೇ ಹಿಡಿದು ಕೂರಿಸುತ್ತೇನೆ. ಇದನ್ನು ಅವಳಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಲೋಕಲ್ ಹತ್ತುವ ಮೊದಲು ಅವಳ ಫೋನು ಬರುತ್ತದೆ. “ನಾಷ್ಟಾ ಏನ್ ಮಾಡಿದ್ದೀಯವಾ?”

“ಇಡ್ಲಿ ಅವ್ವಾ.”

“ಬಿಸಿ ಬಿಸಿ ತಿಂದಿ?”

“ಹೂಂ, ಬಿಸಿ ಬಿಸಿ.”

ಯಾವತ್ತು ಮಾಡಿದ್ದು ಅಂತ ಅವಳು ಕೇಳುವುದಿಲ್ಲ. ಅಷ್ಟರಲ್ಲಿ ಗಾಡಿಯೂ ಬಂದಿರುತ್ತದೆ.